ವಡಾ ತಳಾವಿಗೆ ಹೋದ ಭಾನುವಾರ

ಆಗೆಲ್ಲ ಭಾನುವಾರವೆಂದರೆ ಗಂಡಸರಿಗೆ ರಜೆ, ಮಕ್ಕಳಿಗೆ ತಲೆತುಂಬ ಎಣ್ಣೆ, ಹೆಂಗಸರಿಗೆ ದುಪ್ಪಟ್ಟು ಕೆಲಸ. ವಡೋದರಾದ ರಾವ್‌ಪುರಾದ ಹಿಂದಿನ ಓಣಿಯಲ್ಲಿದ್ದ ನಮ್ಮ ಬಾಡಿಗೆ ಮನೆಗೆ ಭಾನುವಾರ ಬಂದದ್ದು ಮೊದಲು ಮೂಗಿಗೆ ಗೊತ್ತಾಗುತ್ತಿತ್ತು. ಓಣಿಯ ತುದಿಯ ಅಂಗಡಿಯಲ್ಲಿ ಕಡಲೆಹಿಟ್ಟಿನ ಗಾಂಠಿಯಾ ಕರಿಯುವ ವಾಸನೆ, ಮೇಲ್ಮನೆಯ ಜಶೋದಾಬೆನ್ ಮಾಡುತ್ತಿದ್ದ ಬೆಲ್ಲ ಹಾಕಿದ ಬೇಳೆಯ ವಾಸನೆ, ನಮ್ಮ ಒಲೆಯ ಮೇಲೆ ಅವ್ವ ಹುರಿಯುವ ಶೇಂಗಾದ ವಾಸನೆ. ಅರವತ್ತರ ದಶಕದ ನಡುವಿನ ಮಾತು. ಗುಜರಾತಿನ ನೆಲದಡಿ ಎಣ್ಣೆ ಸಿಕ್ಕು, ಅದನ್ನು ಹುಡುಕುವ ಕೆಲಸಕ್ಕೆ ದೇಶದ ಮೂಲೆಮೂಲೆಯಿಂದ ಜನ ಬರುತ್ತಿದ್ದರು. ಹಾಗೆ ಬಂದವರಲ್ಲಿ ವಿಜಾಪುರದ ನಮ್ಮಪ್ಪ ಬಸಲಿಂಗಪ್ಪನೂ ಒಬ್ಬ. ಎಣ್ಣೆ ಹುಡುಕುವ ಕಚೇರಿಯೊಂದರ ಮೋಟಾರು ವರ್ಕ್‌ಶಾಪಿನಲ್ಲಿ ಅವನು ಫೋರ್‌ಮನ್.

ನಾವು ಬಂದು ಎರಡು ವರ್ಷವಾಗಿತ್ತು. ನನಗೆ ಹತ್ತು ವರ್ಷ, ತಮ್ಮ ಮಲ್ಲೂನಿಗೆ ಮೂರು. ನಾನು ಶಾಲೆಗೆ ಹೋಗಿ ಗುಜರಾತಿ ಕಲಿತಿದ್ದೆ. ಅವ್ವ ಮಾತ್ರ ಮನೆ, ಕಾಯಿಪಲ್ಲೆ ಸಂತೆ, ಓಣಿಯಾಚೆಯ ಮಹಾದೇವನ ಗುಡಿ ಇಷ್ಟರಲ್ಲೇ ಇದ್ದಳು. ಒಂದು ಮಧ್ಯಾಹ್ನ ಜಶೋದಾಬೆನ್ ಪಾವಾಗಢದ ಮಾತೆತ್ತಿದರು. ಗುಡ್ಡದ ಮೇಲಿನ ಮಾತಾಜಿಯ ದರ್ಶನಕ್ಕೆ ಲೋಕವೇ ಹೋಗುತ್ತದೆ. ಬುಡದಲ್ಲಿ ಚಾಂಪಾನೇರ್ ಎಂಬ ಹಾಳೂರು ಇದೆ, ಅಲ್ಲಿ ಸುಲ್ತಾನರ ಕಾಲದ ಮಸೀದಿಗಳಿವೆ, ಇನ್ನೂ ಮುಂದೆ ಹೋದರೆ ವಡಾ ತಳಾವ್ ಅನ್ನುವ ದೊಡ್ಡ ಕೆರೆ, ಅದರ ದಂಡೆಯ ಮೇಲೂ ಮುರುಕು ಗುಮ್ಮಟಗಳು, ಅಲ್ಲಿಗೆ ಯಾರೂ ಹೋಗುವುದಿಲ್ಲ ಎಂದರು. ನಾನು ನಡುವೆ ಕೂತು ಗುಜರಾತಿಯನ್ನು ಕನ್ನಡ ಮಾಡಿ ಹೇಳುತ್ತಿದ್ದೆ. ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ ಅವ್ವನ ಕೈ ನಿಂತಿತು.

“ನಮ್ಮೂರಾಗ ಇದ್ದಂಗ ಅದಾವೇನು, ಕೇಳ ಆಕೀನ.”

ಕೇಳಿದೆ. ಜಶೋದಾಬೆನ್ ವಿಜಾಪುರ ಕಂಡವರಲ್ಲ. ಆದರೂ ಸುಮ್ಮನೆ ತಲೆಯಾಡಿಸಿದರು. ಅಷ್ಟೇ ಸಾಕಾಯಿತು. ಅಪ್ಪ ಊಟಕ್ಕೆ ಕೂತಾಗ ಅವ್ವ, “ಆ ಕೆರಿ ದಂಡಿ ಗುಮ್ಮಟ ಒಮ್ಮೆ ನೋಡಬೇಕ್ರಿ” ಅಂದಳು. ಅಪ್ಪ “ನೋಡೂಣಂತ” ಅಂದ. ಅಪ್ಪನ ‘ನೋಡೂಣಂತ’ ನಮ್ಮ ಮನೆಯ ಅಟ್ಟವಿದ್ದ ಹಾಗೆ. ಅದರ ಮೇಲೆ ಹೋದ ಸಾಮಾನು ಕೆಳಗೆ ಇಳಿದದ್ದು ಕಡಿಮೆ. ಅವ್ವ ಆಮೇಲೂ ಎರಡು ಮೂರು ಸಲ ಕೇಳಿದಳು, ಉತ್ತರ ಅದೇ.

ಆದರೆ ಆ ವರ್ಷ ದೀಪಾವಳಿ ಕಳೆದ ಮೇಲೆ ಅಪ್ಪನ ವರ್ಕ್‌ಶಾಪಿಗೆ ಒಂದು ಕ್ಯಾಂಪ್ ವ್ಯಾನು ರಿಪೇರಿಗೆ ಬಂತು. ಎಣ್ಣೆ ಹುಡುಕಲು ಬಯಲಿಗೆ ಹೋಗುವವರು ದಿನಗಟ್ಟಲೆ ಅದರಲ್ಲೇ ಉಳಿಯುತ್ತಿದ್ದರು. ಹೊರಗಿನಿಂದ ಹಸಿರು ಬಣ್ಣದ ಡಬ್ಬಿ. ಒಳಗೆ ಪುಟ್ಟ ಮನೆ. ಗೋಡೆಗೆ ಮಡಚಿಡುವ ಎರಡು ಹಲಗೆ ಮಂಚ, ಒಂದರ ಮೇಲೊಂದು. ಸತುವಿನ ತಗಡಿನ ತೊಟ್ಟಿ, ಅದಕ್ಕೆ ನಲ್ಲಿ, ಸೀಮೆಎಣ್ಣೆ ಸ್ಟೋವ್ ಇಡಲು ಒಂದು ಗೂಡು, ಕಿಟಕಿಗೆ ಪರದೆ. ಅಪ್ಪ ಒಮ್ಮೆ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದ್ದ. ಮೇಲಿನ ಮಂಚದ ಪಕ್ಕಕ್ಕೇ ಕಿಟಕಿ ಇತ್ತು. ಅಲ್ಲಿ ಬೋರಲು ಮಲಗಿ ದಾರಿಯೆಲ್ಲ ನೋಡುತ್ತ ಹೋಗುವ ಸುಖವನ್ನು ನೆನೆನೆನೆದು ನಾನು ಸೊರಗಿದೆ. ಇಂಜಿನ್ ಕೂಡಿಸಿದ ಮೇಲೆ ವ್ಯಾನನ್ನು ದೂರದ ದಾರಿಯಲ್ಲಿ ಓಡಿಸಿ ನೋಡಬೇಕು, ಆಮೇಲೆ ಬಯಲಿಗೆ ಕಳಿಸಬೇಕು. ಭಾನುವಾರ ಓಡಿಸು, ಬೇಕಾದರೆ ಮನೆಯವರನ್ನೂ ಕೂರಿಸಿಕೊಂಡು ಹೋಗು ಎಂದು ಮೇಲಿನ ಸಾಹೇಬರು ಒಪ್ಪಿದರಂತೆ. ಅಪ್ಪ ಬಂದು ಹೇಳಿದಾಗ ಅವ್ವ ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು. ಶಾಲೆಯಲ್ಲಿ ನಾನು ಹೇಳದ ಹುಡುಗಿಯೇ ಉಳಿಯಲಿಲ್ಲ.

ಶನಿವಾರವಿಡೀ ಅವ್ವ ಒಲೆಯ ಮುಂದೆ ಕೂತಳು. ಜೋಳದ ರೊಟ್ಟಿ ಬಡಿದು, ಕಟಕ್ ಅನ್ನುವ ಹಾಗೆ ಒಣಗಿಸಿ, ಬಟ್ಟೆಯಲ್ಲಿ ಕಟ್ಟಿದಳು. ಶೇಂಗಾ ಹಿಂಡಿ, ಬದನೆಕಾಯಿ ಎಣಗಾಯಿ, ಗಡಿಗೆಯಲ್ಲಿ ಮೊಸರು. “ನಾಳಿ ಒಂದಿನ ನಾ ಒಲಿ ಮುಟ್ಟೂದಿಲ್ಲ, ನೋಡ” ಅಂದಳು ನನಗೆ. ಇದ್ದುದರಲ್ಲಿ ಒಳ್ಳೆಯ ಇಳಕಲ್ ಸೀರೆಯನ್ನು ಮಡಿಕೆ ಬಿಚ್ಚಿ ಗೂಟಕ್ಕೆ ಹಾಕಿದಳು.

ಬೆಳಿಗ್ಗೆ ಓಣಿಯ ಬಾಯಿಗೆ ವ್ಯಾನು ಬಂತು. ನಾನು ಎಲ್ಲರಿಗಿಂತ ಮೊದಲು ಹತ್ತಿ ಮೇಲಿನ ಮಂಚ ಹಿಡಿದೆ. ಜಶೋದಾಬೆನ್ ಮೊದಲ್ಗೊಂಡು ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತರು. ಆದರೆ ಮುಖ್ಯರಸ್ತೆಗೆ ಬಂದ ವ್ಯಾನು ಊರ ಹೊರಕ್ಕೆ ತಿರುಗದೆ ಬಂಗಲೆಗಳ ಕಡೆ ತಿರುಗಿತು.

“ಇತ್ತಾಗ ಯಾಕ?” ಎಂದಳು ಅವ್ವ.

ಅಪ್ಪ ಮುಖ ತಿರುಗಿಸದೆ ಹೇಳಿದ: “ಸಾಹೇಬ್ರೂ ಬರ್ತಾರ. ನಿನ್ನಿ ಸಂಜಿಕ ಹೇಳಿದ್ರು. ಬ್ಯಾಡ ಅನ್ನಾಕ ಆಗತೈತೇನು?”

ಅವ್ವ ಕೆಳಗಿನ ಮಂಚದ ಮೇಲೆ ಹರಡಿದ್ದ ನಮ್ಮ ಗಂಟುಗಳನ್ನು ಎತ್ತಿ ಮೂಲೆಗೆ ಒತ್ತಿದಳು.

ಸಾಹೇಬರು ಮೈಸೂರು ಕಡೆಯವರು. ಹೆಂಡತಿ ವಿಶಾಲಮ್ಮ, ಜೊತೆಗೆ ಆಕೆಯ ತಮ್ಮ ನಾಗರಾಜ. ರಜೆಗೆಂದು ಅಕ್ಕನ ಮನೆಗೆ ಬಂದಿದ್ದ. ಕೊರಳಲ್ಲಿ ಕ್ಯಾಮೆರಾ, ಕೈಯಲ್ಲಿ ಇಂಗ್ಲಿಷಿನ ಪುಸ್ತಕ. ವಿಶಾಲಮ್ಮ ಕೆಟ್ಟವರಾಗಿದ್ದರೆ ಈ ಕತೆ ಹೇಳುವುದು ಸುಲಭವಿತ್ತು. ಅವರು ಹತ್ತಿದವರೇ ಅವ್ವನ ಎರಡೂ ಕೈ ಹಿಡಿದುಕೊಂಡು, “ನೋಡಿ ಶಾಂತಮ್ಮ, ಈ ಊರಲ್ಲಿ ನಮ್ಮ ಭಾಷೆ ಆಡೋರು ಸಿಕ್ಕೋದೇ ಪುಣ್ಯ” ಅಂದರು. ಅವ್ವನ ಹೆಸರು ಶಾಂತವ್ವ. ಅವರ ಬಾಯಲ್ಲಿ ಅದು ಶಾಂತಮ್ಮ ಆಯಿತು, ದಿನವಿಡೀ ಹಾಗೇ ಉಳಿಯಿತು. ನಾಗರಾಜ ಮೇಲೆ ನೋಡಿ, “ಪಾಪು, ನೀನು ಕೆಳಗೆ ಬಾ, ನಾನು ಮೇಲಿಂದ ಫೋಟೋ ತೆಗೀಬೇಕು” ಅಂದ. ಹತ್ತು ವರ್ಷದವಳಿಗೆ ಪಾಪು! ಅಪ್ಪನ ಕಡೆ ನೋಡಿದೆ. ಅಪ್ಪ ಗೇರು ಹಾಕುವುದರಲ್ಲಿ ಮುಳುಗಿದ್ದ. ಇಳಿದೆ.

ಮೊದಲು ನಿಂತದ್ದು ಅಜವಾ ಸರೋವರದ ಏರಿಯ ಕೆಳಗೆ. ಹಿಂದಿನ ಮಹಾರಾಜರು ವಡೋದರಾಕ್ಕೆ ಕುಡಿಯುವ ನೀರಿಗೆಂದು ಕಟ್ಟಿಸಿದ ಕೆರೆ. ಮಳೆಗಾಲ ಮುಗಿದು ತುಂಬಿ ನಿಂತಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಅವ್ವ ಸೆರಗು ಸರಿಮಾಡಿಕೊಂಡು ಇಳಿಯಲು ಕಾಲಿಟ್ಟಿದ್ದಳು.

“ವ್ಯಾನಲ್ಲೇ ಕಾಫಿ ಮಾಡ್ಬಿಡೋಣ್ವಾ? ಎಷ್ಟು ಚೆನ್ನಾಗಿರತ್ತೆ! ಒಂದು ಹಿಡಿ ಉಪ್ಪಿಟ್ಟೂ ಕೆದಕಿಬಿಡೋಣ, ರವೆ ತಂದಿದೀನಿ” ಎಂದರು ವಿಶಾಲಮ್ಮ. ಹೇಳಿ, ಡಬ್ಬಿಗಳನ್ನು ಅವ್ವನ ಕೈಗಿಟ್ಟು, ತಮ್ಮನ ಜೊತೆ ಏರಿ ಹತ್ತಿದರು. ಅವರ ಆ ‘ಮಾಡ್ಬಿಡೋಣ’ದಲ್ಲಿ ಇಬ್ಬರಿದ್ದರು; ಕೆಲಸದಲ್ಲಿ ಒಬ್ಬಳೇ. ಅವ್ವ ಸ್ಟೋವಿಗೆ ಪಂಪು ಹೊಡೆದಳು. ಸೀಮೆಎಣ್ಣೆಯ ಹೊಗೆ ವ್ಯಾನು ತುಂಬಿತು. ನಾನು ಒಂದೊಂದೇ ಲೋಟ ಹಿಡಿದು ಏರಿ ಹತ್ತುವುದು, ಇಳಿಯುವುದು. ನೀರು ಕಾಣುವಷ್ಟರಲ್ಲಿ, “ಸಕ್ಕರೆ ಸ್ವಲ್ಪ ಬೇಕಂತೆ” ಅನ್ನುವರು. ಎಲ್ಲ ಮುಗಿದು ಅವ್ವ ಕೈ ಒರೆಸಿಕೊಳ್ಳುವ ಹೊತ್ತಿಗೆ ಸಾಹೇಬರು ಗಡಿಯಾರ ನೋಡಿದರು. “ಹೊರಡೋಣ ಬಸಲಿಂಗಪ್ಪ, ಬಿಸಿಲೇರತ್ತೆ.” ಅವ್ವ ಕಂಡ ಅಜವಾ ಎಂದರೆ ವ್ಯಾನಿನ ಕಿಟಕಿಗೆ ಎದುರಾಗಿದ್ದ ಏರಿಯ ಹುಲ್ಲು.

“ಇರಲಿ ಬಿಡ,” ಅಂದಳು ನನಗೆ. “ಅದು ಬರೇ ನೀರು.”

ಚಾಂಪಾನೇರಿನಲ್ಲಿ ದೊಡ್ಡ ಮಸೀದಿಯ ಮುಂದೆ ನಿಂತೆವು. ಎರಡು ಎತ್ತರದ ಮಿನಾರು, ಹಿಂದೆ ಪಾವಾಗಢ ಗುಡ್ಡ. ಈಗಲಾದರೂ ಎಂದು ನಾನು ಅವ್ವನ ಕೈ ಹಿಡಿದೆ. ಅಷ್ಟರಲ್ಲಿ ವಿಶಾಲಮ್ಮನ ಕಣ್ಣು ರೊಟ್ಟಿಯ ಗಂಟಿನ ಮೇಲೆ ಬಿತ್ತು. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಹೇಳಿದರು: “ಅಯ್ಯೋ, ಇದನ್ನ ಹೇಗ್ರೀ ಅಗಿಯೋದು? ಇವರಿಗೆ ಬೇರೆ ದವಡೆ ನೋವು. ಅಕ್ಕಿ, ಬೇಳೆ ಎಲ್ಲಾ ತಂದಿದೀನಿ. ಬಿಸಿಬಿಸಿ ಅನ್ನ ಹುಳಿ ಮಾಡ್ಬಿಡೋಣ. ಕೆರೆ ಹತ್ರ ಹೋಗೋ ಹೊತ್ತಿಗೆ ಆಗಿರತ್ತೆ.”

ಅವ್ವ ಒಂದು ಗಳಿಗೆ ಅವರನ್ನೇ ನೋಡಿದಳು. “ಆತ್ರಿ ಅಕ್ಕಾರ” ಅಂದಳು.

ನನ್ನನ್ನು ಮಾತ್ರ ಮಲ್ಲೂನ ಜೊತೆ ಒಳಗೆ ಕಳಿಸಿದಳು. “ನೀ ನೋಡಿಕೊಂಡು ಬಂದು ನನಗ ಹೇಳ.” ಹೋಗಿ ಏನು ಮಾಡಲಿ? ನಾಗರಾಜ ತನ್ನ ಕ್ಯಾಮೆರಾದ ಚರ್ಮದ ಚೀಲವನ್ನು ನನ್ನ ಹೆಗಲಿಗೆ ಹಾಕಿದ. ಪುಸ್ತಕ ನೋಡಿ ಒಂದೊಂದು ಕಂಬದ ಮುಂದೆ ಅಕ್ಕ ಭಾವನನ್ನು ನಿಲ್ಲಿಸಿದ. ಬಲಕ್ಕೆ ಸರಿ, ಎಡಕ್ಕೆ ಸರಿ, ಅಕ್ಕಾ ನಗು. ಸಾಲುಸಾಲು ಕಂಬಗಳು, ಒಳಗೆ ತಣ್ಣಗಿನ ಕಲ್ಲು, ಬಾವಲಿಯ ವಾಸನೆ. ಆ ಕಂಬಗಳ ನಡುವೆ ಕಣ್ಣಾಮುಚ್ಚಾಲೆ ಆಡಿದರೆ ಒಂದು ದಿನ ಸಾಲದು. ನಾನು ಒಂದು ಕೈಯಲ್ಲಿ ಮಲ್ಲೂನನ್ನು, ಇನ್ನೊಂದರಲ್ಲಿ ಚೀಲವನ್ನು ಹಿಡಿದು ಬಿಸಿಲಲ್ಲಿ ನಿಂತೆ.

ವ್ಯಾನಿಗೆ ಮರಳಿದಾಗ ಅವ್ವನ ಇಳಕಲ್ ಸೀರೆ ಬೆವರಿಗೆ ಬೆನ್ನಿಗಂಟಿತ್ತು.

“ಹೆಂಗೈತಿ?”

“ದೊಡ್ಡದೈತಿ.”

“ಮತ್ತ?”

“ಕಲ್ಲಿನಾಗ ಹೂ ಕೆತ್ಯಾರ.”

“ಮತ್ತ?”

ಮತ್ತೆ ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಅವ್ವ ಹುಳಿಗೆ ಉಪ್ಪು ಹಾಕಿ ಅಂಗೈ ಮೇಲೆ ಬಿಟ್ಟುಕೊಂಡು ರುಚಿ ನೋಡಿದಳು. “ಹೋಗ್ಲಿ ಬಿಡ. ಕೆರಿ ದಂಡೀದು ನಾನ ನೋಡ್ತೀನಿ.”

ವಡಾ ತಳಾವ್ ಜಶೋದಾಬೆನ್ ಹೇಳಿದ್ದಕ್ಕಿಂತ ದೊಡ್ಡದಿತ್ತು. ಗುಡ್ಡ ತಲೆಕೆಳಗಾಗಿ ನೀರಿನೊಳಗೆ ನಿಂತಿತ್ತು. ಬೇವಿನ ಮರದ ಕೆಳಗೆ ಜಮಖಾನೆ ಹಾಸಿದರು. ದಂಡೆಯ ಬಳಸಿನ ಆಚೆಗೆ, ನೀರಿಗೆ ಹತ್ತಿಕೊಂಡು, ಮುರಿದ ಗೋಡೆ ಮತ್ತು ಅರ್ಧ ಉಳಿದ ಗುಮ್ಮಟ ಕಾಣುತ್ತಿದ್ದವು. ಅವ್ವ ಬಡಿಸುತ್ತ ಬಡಿಸುತ್ತಲೇ ಆ ಕಡೆ ನೋಡುತ್ತಿದ್ದಳು. ಸಾಹೇಬರು ಹುಳಿಯನ್ನು ಹೊಗಳಿದರು. ರೊಟ್ಟಿಯನ್ನು ಅಪ್ಪ, ನಾನು ತಿಂದೆವು. ಊಟವಾದ ಮೇಲೆ ಸಾಹೇಬರು ಕೆಳಗಿನ ಮಂಚದಲ್ಲಿ, ನಾಗರಾಜ ಮೇಲಿನ ನನ್ನ ಮಂಚದಲ್ಲಿ ಅಡ್ಡಾದರು. ವಿಶಾಲಮ್ಮ ನೆರಳಲ್ಲಿ ಒರಗಿದರು. ತೊಟ್ಟಿಯ ನೀರು ಮುಗಿದಿತ್ತು. ಅವ್ವ, ನಾನು ಪಾತ್ರೆಗಳನ್ನು ಹೊತ್ತು ಕೆರೆಯ ಅಂಚಿಗೆ ಹೋದೆವು.

“ಇವಿಷ್ಟು ತಿಕ್ಕಿದ್ರ ಹೋಗಿ ಬರೂಣು. ದೂರ ಇಲ್ಲ,” ಅಂದಳು ಅವ್ವ. ನಾನು ಬೂದಿಯಂಥ ಮಣ್ಣು ಹಿಡಿದು ಕೈ ಉರಿಯುವಂತೆ ತಿಕ್ಕಿದೆ. ಕೊನೆಯ ತಟ್ಟೆ ತೊಳೆದು ಎದ್ದಾಗ ನೆರಳಿನಿಂದ ದನಿ ಬಂತು.

“ಶಾಂತಮ್ಮಾ, ಇವರು ಎದ್ದ ತಕ್ಷಣ ಕಾಫಿ ಅಂತಾರೆ. ಡಿಕಾಕ್ಷನ್ ಇಳಿಸಿ ಇಟ್ಬಿಡೋಣ್ವಾ?”

ನನ್ನೊಳಗೆ ಏನೋ ಕಿತ್ತುಬಂತು. ಕೈಯಲ್ಲಿದ್ದ ತಟ್ಟೆಯನ್ನು ನೆಲಕ್ಕೆ ಕುಕ್ಕಿದೆ. “ನೀವ ಇಳಸ್ಕೋರಿ! ಅವ್ವ ಮುಂಜಾನಿಂದ ಒಂದೂ ನೋಡಿಲ್ಲ. ನೋಡಾಕಂತ ಬಂದಾಕಿ ಆಕಿ. ನೀವಲ್ಲ!”

ತಟ್ಟೆಯ ಸದ್ದಿಗೋ ನನ್ನ ಸದ್ದಿಗೋ ನಾಗರಾಜನ ತಲೆ ಕಿಟಕಿಯಲ್ಲಿ ಮೂಡಿತು. ಅಪ್ಪ ವ್ಯಾನಿನ ಮುಂದಿನಿಂದ ಓಡಿಬಂದು “ನೀಲಾ! ಬಾಯಿ ಮುಚ್ಚ!” ಅಂದ. ಅವ್ವ ನನ್ನ ರಟ್ಟೆ ಚಿವುಟಿದಳು. ವಿಶಾಲಮ್ಮ ಎದ್ದು ಕೂತರು. ಅವರ ಮುಖ ಕೆಂಪಾಗಿತ್ತು, ನಿಜಕ್ಕೂ ನೊಂದಿದ್ದರು.

“ಅಯ್ಯೋ ರಾಮ, ನನಗೇನು ಗೊತ್ತು? ಒಂದು ಮಾತು ಹೇಳಬಾರದೇನ್ರೀ? ಹೋಗಿ, ಈಗಲೇ ಹೋಗಿ ಬನ್ನಿ. ನಾವು ಕಾಯ್ತೀವಿ. ಅರ್ಧ ಗಂಟೆ ಸಾಕಲ್ವಾ?”

“ಬ್ಯಾಡ್ರಿ ಅಕ್ಕಾರ,” ಅಂದಳು ಅವ್ವ. “ಹುಡುಗಿ ಮಾತು ಏನ್ ಕೇಳ್ತೀರಿ. ನಮ್ಮೂರಾಗ ಇಂಥಾವು ಓಣಿಗೊಂದು ಅದಾವ.” ಪಾತ್ರೆಗಳನ್ನು ಎತ್ತಿಕೊಂಡು ವ್ಯಾನು ಹತ್ತಿದಳು. ಪಂಪು ಹೊಡೆಯುವ ಸದ್ದು ಕೇಳಿಸಿತು.

ಅಷ್ಟು ಹೊತ್ತು ನನ್ನ ಸಿಟ್ಟೆಲ್ಲ ಅವರ ಮೇಲಿತ್ತು. ಈಗ ಅವ್ವನ ಮೇಲೆ ತಿರುಗಿತು. ಹೋಗು ಅಂದರಲ್ಲ, ಹೋಗುವುದಕ್ಕೆ ಏನು ಧಾಡಿ? ನನ್ನ ರಟ್ಟೆಯ ಮೇಲೆ ಉಗುರಿನ ಗುರುತು ಕೆಂಪಗೆ ಎದ್ದಿತ್ತು. ದಂಡೆಗೆ ಹೋಗಿ ಕೈಗೆ ಸಿಕ್ಕ ಚಪ್ಪಟೆ ಕಲ್ಲುಗಳನ್ನು ನೀರಿಗೆ ಬೀಸಿದೆ. ಕಲ್ಲು ಕಪ್ಪೆಯ ಹಾಗೆ ಜಿಗಿಯಬೇಕು, ಒಂದೂ ಜಿಗಿಯಲಿಲ್ಲ. ಎಲ್ಲ ಬುಳುಕ್ಕನೆ ಮುಳುಗಿದವು.

ಕಾಫಿ ಆಯಿತು. ಹೊರಟೆವು. ದಾರಿ ಕೆರೆಯನ್ನು ಬಳಸಿಕೊಂಡು ಹೋಗಿ ಆ ಮುರುಕು ಗೋಡೆಯ ಹತ್ತಿರಕ್ಕೇ ಬಂತು. ಅಲ್ಲಿ ಅಪ್ಪ ಬ್ರೇಕು ಒತ್ತಿದ.

“ರೇಡಿಯೇಟರ್ ಕಾದೈತ್ರಿ ಸರ್. ನೀರು ಹಾಕಬೇಕು,” ಅಂದ. ಆಮೇಲೆ ಹಿಂದಕ್ಕೆ ತಿರುಗಿ, “ಶಾಂತಾ, ಆ ಬಕೀಟು ತಗೊಂಡು ಹೋಗಿ ನೀರು ತುಂಬಿಕೊಂಡು ಬಾ. ಅವಸರಿಲ್ಲ. ಇಂಜಿನ್ ಆರಬೇಕು.”

ಪರರ ಮುಂದೆ ಅಪ್ಪ ಅವ್ವನನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಅದೇ ಮೊದಲು ಕೇಳಿದೆ. ಅವ್ವ ಅವನ ಮುಖವನ್ನೇ ನೋಡಿದಳು. ಬಕೆಟ್ಟು ಎತ್ತಿಕೊಂಡು ಇಳಿದಳು. ನಾನು ಹಿಂದೆಯೇ ಜಿಗಿದೆ.

“ನೀ ಬರಬ್ಯಾಡ. ಮಲ್ಲೂನ್ನ ಹಿಡಕೊಂಡು ಇಲ್ಲೇ ನಿಂದರು.”

ಹೇಳಿದವಳು ಅವ್ವ, ಅಪ್ಪನಲ್ಲ, ಸಾಹೇಬರಲ್ಲ. ನಾನು ಮಲ್ಲೂನನ್ನು ಸೊಂಟಕ್ಕೆ ಎತ್ತಿಕೊಂಡು ರಸ್ತೆಯ ಬದಿಯಲ್ಲಿ ನಿಂತೆ. ಅವ್ವ ಇಳಿಜಾರಿನಲ್ಲಿ ನಾಲ್ಕು ಹೆಜ್ಜೆ ಹೋಗಿ ಬಕೆಟ್ಟನ್ನು ಹುಲ್ಲಿನ ಮೇಲಿಟ್ಟಳು. ನಿರಿಗೆ ಎತ್ತಿ ಹಿಡಿದಳು. ಆಮೇಲೆ ನಡೆದಳಲ್ಲ, ಹಾಗೆ ಬಿರಬಿರನೆ ನಡೆದದ್ದನ್ನು ನಾನು ಕಂಡೇ ಇರಲಿಲ್ಲ. ಗೋಡೆಯನ್ನು ಬಳಸಿ ಮರೆಯಾದಳು.

ಸಾಹೇಬರು ಇಳಿದು ಬಂದರು. ಅವರೇನು ಕುರ್ಚಿಯ ಮೇಲೆ ಕೂತು ಸಹಿ ಹಾಕುವ ಸಾಹೇಬರಲ್ಲ, ಇಂಜಿನ್ನು ಬಲ್ಲವರು. ಮುಂದಿನ ಬಾಗಿಲು ತೆಗೆದು ಬಗ್ಗಿ ನೋಡಿದರು. “ಏನಪ್ಪಾ ಬಸಲಿಂಗಪ್ಪ, ಕಾವು ತೋರಿಸೋ ಮುಳ್ಳು ಅರ್ಧಕ್ಕೂ ಬಂದಿಲ್ಲವಲ್ಲ? ಮುಳ್ಳು ಕೆಟ್ಟಿದೆಯೋ, ಇಂಜಿನ್ ಕೆಟ್ಟಿದೆಯೋ? ನಾಳೆ ಇದನ್ನ ಬಯಲಿಗೆ ಕಳಿಸೋದೋ ಬೇಡವೋ?”

ಅಪ್ಪ ಎಣ್ಣೆಬಟ್ಟೆಯಲ್ಲಿ ಕೈ ಒರೆಸಿಕೊಂಡ. ಕೈ ಸ್ವಚ್ಛವಾಗಿಯೇ ಇತ್ತು. “ಗಾಡಿ ಚಲೋ ಐತ್ರಿ ಸರ್. ಮುಳ್ಳೂ ಚಲೋ ಐತಿ. ನಾನ ಸುಳ್ಳ ಹೇಳಿದೆ.”

“ಯಾಕೆ?”

“ಇದನ್ನೊಮ್ಮೆ ನೋಡಬೇಕು ಅಂತ ಆಕಿ ಭಾಳ ದಿನದಿಂದ ಕೇಳತಿದ್ಲು. ಇವತ್ತು ಹೊತ್ತು ಹೊಂಟಾಗಿಂದ ಒಲಿ ಮುಂದ ನಿಂತಾಳ. ನನಗ ಬ್ಯಾರೆ ಏನೂ ಹೊಳೀಲಿಲ್ಲ.”

ಅಪ್ಪ ಕೆಲಸದ ವಿಷಯದಲ್ಲಿ ಮೇಲಿನವರಿಗೆ ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದ, ಅದೂ ಮಗಳ ಎದುರು. ಸಾಹೇಬರು ಸಿಗರೇಟು ಹಚ್ಚಿದರು. ಕೆರೆಯ ಕಡೆ ತಿರುಗಿ ನಿಂತರು. ಒಮ್ಮೆ ಗಡಿಯಾರ ನೋಡಿಕೊಂಡು, ಆ ಕೈಯನ್ನು ಜೇಬಿಗೆ ಹಾಕಿಕೊಂಡರು. ವ್ಯಾನಿನ ಕಿಟಕಿಯ ಪರದೆ ಸರಿದು, ಮತ್ತೆ ಮುಚ್ಚಿಕೊಂಡಿತು.

ಅವ್ವ ಬರಲಿಲ್ಲ. ಮಲ್ಲೂ ಅಳತೊಡಗಿದ, ನನ್ನ ಸೊಂಟ ಬಿದ್ದುಹೋಗುತ್ತಿತ್ತು. ಅವನನ್ನು ಇಳಿಸಿ ಓಡಿಬಿಡಲೇ ಅನ್ನಿಸಿತು. ಗೋಡೆಯ ಆಚೆ ಏನಿದೆ? ಯಾರೂ ಹಾರ್ನ್ ಬಾರಿಸಲಿಲ್ಲ, ಯಾರೂ ಕರೆಯಲಿಲ್ಲ. ಬಿಸಿಲು ಹಳದಿಯಾಯಿತು. ಕೊನೆಗೆ ಅವ್ವ ಬಂದಳು, ನಿಧಾನವಾಗಿ. ಬಕೆಟ್ಟು ಮರೆಯಲಿಲ್ಲ, ಅಂಚಿಗಿಳಿದು ತುಂಬ ನೀರು ತಂದಳು. ಅಪ್ಪ ಅದನ್ನು ಈಸಿಕೊಂಡ. ತುಂಬಿದ ರೇಡಿಯೇಟರಿಗೆ ಹಾಕುವಂತಿಲ್ಲ, ಚೆಲ್ಲುವ ಮನಸ್ಸೂ ಇಲ್ಲ. ಮುಂದಿನ ಗಾಜಿಗೆ ಸುರಿದು ಒರೆಸಿದ.

“ಒಳಗ ಏನಿತ್ತು?” ಎಂದೆ ನಾನು.

“ಏನಿಲ್ಲ.”

“ಏನ್ ನೋಡಿದಿ ಹಂಗಾದ್ರ?”

“ಏನ್ ನೋಡೂದು. ಸುಮ್ನ ಕುಂತಿದ್ದೆ.”

ಅವಳ ಮುಖ ತಿಳಿಯಾಗಿತ್ತು. ನನ್ನ ಕಡೆ ನೋಡಿದರೂ ನೋಡಿದಂತಿರಲಿಲ್ಲ. ಬೆಳಗಿನಿಂದ ಅವಳಿಗಾಗಿ ಉರಿದವಳು ನಾನು, ಬೈಸಿಕೊಂಡವಳು ನಾನು, ಚಿವುಟಿಸಿಕೊಂಡವಳು ನಾನು. ಅಲ್ಲಿಗೆ ನನ್ನನ್ನೇ ಬಿಟ್ಟು ಹೋಗಿ, ಬಂದು, ಏನಿಲ್ಲ ಅನ್ನುತ್ತಾಳೆ! ದಾರಿಯಲ್ಲಿ ನಾಗರಾಜ ತಾನಾಗಿಯೇ ಮೇಲಿನ ಮಂಚ ಬಿಟ್ಟುಕೊಟ್ಟ. ಹತ್ತಿ ಗೋಡೆಯ ಕಡೆ ಮುಖ ಮಾಡಿ ಮಲಗಿ, ವಡೋದರಾ ಬರುವವರೆಗೆ ಅತ್ತೆ. ಕಿಟಕಿಯಿಂದ ಒಮ್ಮೆಯೂ ಹೊರಗೆ ನೋಡಲಿಲ್ಲ.

ಮರುದಿನ ವ್ಯಾನು ಬಯಲಿಗೆ ಹೋಯಿತು. ಕೆಲವು ತಿಂಗಳಲ್ಲಿ ಅಪ್ಪನಿಗೆ ಅಂಕಲೇಶ್ವರದ ಕಡೆ ವರ್ಗವಾಯಿತು. ಆ ಭಾನುವಾರಕ್ಕೂ ಇದಕ್ಕೂ ಸಂಬಂಧವಿತ್ತೋ ಇಲ್ಲವೋ, ಅಪ್ಪ ಹೇಳಲಿಲ್ಲ, ಅವ್ವ ಕೇಳಲಿಲ್ಲ. ಸಾಮಾನು ಕಟ್ಟುವ ದಿನ ವಿಶಾಲಮ್ಮ ಕುಪ್ಪಸದ ಕಣ, ಅರಿಶಿನ ಕುಂಕುಮ ಹಿಡಿದು ಬಂದರು. ಗಂಟುಗಳ ನಡುವೆ ನೆಲದ ಮೇಲೆಯೇ ಕೂತು, “ಅವತ್ತು ನಾನೂ ಏನೂ ನೋಡ್ಲಿಲ್ಲ ಕಣ್ರೀ. ನಿಂತ್ಕೋ ಅಂದ ಕಡೆ ನಿಂತೆ, ನಗು ಅಂದಾಗ ನಕ್ಕೆ” ಅಂದರು. ಅವ್ವ ಅವರ ಕೈ ಮೇಲೆ ತನ್ನ ಕೈ ಇಟ್ಟಳು. ಆಮೇಲೆ ಇಬ್ಬರೂ ಏನೇನೋ ಮಾತಾಡಿದರು. ನನ್ನನ್ನು ಆಟಕ್ಕೆ ಕಳಿಸಿಬಿಟ್ಟರು.

ಅಪ್ಪ ನಿವೃತ್ತನಾದದ್ದು ಸೂರತ್ತಿನಲ್ಲಿ. ನಾನು ಮದುವೆಯಾಗಿ ಅಹಮದಾಬಾದಿಗೆ ಬಂದೆ, ಇಲ್ಲೇ ಬೇರು ಬಿಟ್ಟೆ. ಒಮ್ಮೆ ಮಕ್ಕಳ ಜೊತೆ ವಡಾ ತಳಾವಿಗೂ ಹೋಗಿಬಂದೆ. ಗೋಡೆಗಳು ಒಂದಲ್ಲ, ಹಲವಿದ್ದವು. ಅವ್ವ ಮರೆಯಾದದ್ದು ಯಾವುದರ ಹಿಂದೆ ಎಂದು ಗೊತ್ತಾಗಲಿಲ್ಲ. ಅವ್ವ ತನ್ನ ಬಾಳಿನದೆಲ್ಲ ನನಗೆ ಹೇಳಿದ್ದಳು: ತವರಿನ ಜಗಳ, ಹುಟ್ಟಿ ಉಳಿಯದ ಮಗು, ಅಪ್ಪನ ಮೇಲಿನ ಮುನಿಸು. ಆ ಒಂದು ಗಳಿಗೆಯನ್ನು ಮಾತ್ರ ಕೊಡಲಿಲ್ಲ. ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಮಂಚದ ಪಕ್ಕ ಕೂತು ಮತ್ತೊಮ್ಮೆ ಕೇಳಿದ್ದೆ. “ನಿನಗಿನ್ನೂ ಆ ಸಿಟ್ಟು ಇಳದಿಲ್ಲೇನ?” ಎಂದು ನಕ್ಕು ಮಗ್ಗುಲಾದಳು.

ಅವ್ವನ ಜೊತೆ ವಿಜಾಪುರದ ಮಾತೂ ನಮ್ಮ ಮನೆಯಿಂದ ಹೋಯಿತು. ಮಕ್ಕಳಿಗೆ ನಾಲ್ಕು ಕನ್ನಡ ಮಾತು ತಿಳಿಯುತ್ತದೆ, ಆಡಲು ಬಾರದು. ಅವರನ್ನು ಮುದ್ದಿಸುವುದೂ ಬೈಯುವುದೂ ನನಗೆ ಈಗ ಗುಜರಾತಿಯಲ್ಲೇ ಸಲೀಸು. ಅವ್ವನ ಮೇಲಿನ ಆ ಒಂದು ಸಿಟ್ಟು ಮಾತ್ರ ಈಗಲೂ ಅವಳ ಮಾತಿನಲ್ಲೇ ಬರುತ್ತದೆ. ಕೇಳಿಸಿಕೊಳ್ಳುವವರು ಯಾರೂ ಇಲ್ಲ.